ದೂರ ಶಿಕ್ಷಣ: ಶುಲ್ಕ ಪಾವತಿಗೆ ಮುನ್ನ ಮಾನ್ಯತೆಯ ಪರಿಶೀಲನೆ

ಪ್ರತಿ ವರ್ಷ ಜನವರಿ ಹಾಗೂ ಜುಲೈ ತಿಂಗಳುಗಳು ಸಮೀಪಿಸುತ್ತಿದ್ದಂತೆ ದೂರ ಶಿಕ್ಷಣದ ಪ್ರವೇಶಾತಿ ಜಾಹೀರಾತುಗಳು ಎಲ್ಲೆಡೆ ಕಾಣಿಸಿಕೊಳ್ಳುತ್ತವೆ. ನಮ್ಮ ವರ್ತಕ ಹಾಗೂ ಸಣ್ಣ ಕೈಗಾರಿಕೋದ್ಯಮಿ ಬಂಧುಗಳಿಗೆ ಈ ವಿಷಯವು ಎರಡು ಬಗೆಯಲ್ಲಿ ಸಂಬಂಧಿಸಿದೆ. ಪಿಯುಸಿ ಮುಗಿಸಿ ಅಂಗಡಿಯ ವ್ಯವಹಾರ ನೋಡಿಕೊಳ್ಳುತ್ತಿರುವ ಮಗನೋ ಮಗಳೋ ಬಿ.ಕಾಂ. ಪದವಿ ಪಡೆಯಲೆಂಬ ಆಶಯ ಒಂದು. ಹಲವು ವರ್ಷಗಳಿಂದ ನಂಬಿಕೆಯಿಂದ ದುಡಿಯುತ್ತಿರುವ ಲೆಕ್ಕಪತ್ರ ಸಹಾಯಕನನ್ನೋ ಮೇಲ್ವಿಚಾರಕನನ್ನೋ ಸಂಸ್ಥೆಯ ವೆಚ್ಚದಲ್ಲಿ ಓದಿಸುವ ಉದ್ದೇಶ ಮತ್ತೊಂದು. ಎರಡೂ ಸಂದರ್ಭಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಶುಲ್ಕ ಎಷ್ಟೆಂಬುದು. ವಾಸ್ತವವಾಗಿ ಅದು ಎರಡನೆಯ ಪ್ರಶ್ನೆಯಾಗಬೇಕು.

ಐಎಸ್‌ಐ ಗುರುತಿನ ಪರವಾನಗಿ ಪಡೆದಿರುವ ಉದ್ಯಮಿಗಳಿಗೆ ಮಾನ್ಯತೆಯ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆ ಪರವಾನಗಿಯು ಕಂಪನಿಯ ಹೆಸರಿಗೆ ದೊರೆಯುವ ಬಿರುದಲ್ಲ. ನಿರ್ದಿಷ್ಟ ಉತ್ಪನ್ನಕ್ಕೆ, ನಿರ್ದಿಷ್ಟ ಕಾರ್ಖಾನೆಗೆ, ನಿರ್ದಿಷ್ಟ ಅವಧಿಗೆ ದೊರೆಯುವ ಅನುಮತಿ. ದೂರ ಶಿಕ್ಷಣದ ಮಾನ್ಯತೆಯೂ ಹೀಗೆಯೇ ಇದೆ. ವಿಶ್ವವಿದ್ಯಾನಿಲಯವು ಸಂಸತ್ತಿನ ಅಥವಾ ರಾಜ್ಯ ಶಾಸನಸಭೆಯ ಕಾಯ್ದೆಯಿಂದ ಸ್ಥಾಪಿತವಾಗಿರಬಹುದು, ಇಲ್ಲವೇ ಪರಿಗಣಿತ ವಿಶ್ವವಿದ್ಯಾನಿಲಯವಾಗಿರಬಹುದು. ಅದರಿಂದ ಪದವಿ ನೀಡುವ ಅಧಿಕಾರ ಲಭಿಸುತ್ತದೆ. ಆದರೆ ಆ ಪದವಿಯನ್ನು ದೂರ ಶಿಕ್ಷಣದ ಮೂಲಕ ನೀಡಲು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, ಪ್ರತ್ಯೇಕ ಅನುಮತಿ ಬೇಕು. ಈ ಅನುಮತಿಯು ಕೋರ್ಸಿನ ಹೆಸರು ಹಾಗೂ ಶೈಕ್ಷಣಿಕ ವರ್ಷ ಸಹಿತವಾಗಿರುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿ 1994ರಿಂದ ಕಾರ್ಯನಿರ್ವಹಿಸುತ್ತಿರುವ ನ್ಯಾಕ್ ಸಂಸ್ಥೆಯು ನೀಡುವ ಶ್ರೇಣಿಯು ಗುಣಮಟ್ಟದ ಮೌಲ್ಯಮಾಪನವೇ ಹೊರತು ಯಾವುದೇ ಕೋರ್ಸನ್ನು ನಡೆಸಲು ನೀಡಿದ ಪರವಾನಗಿಯಲ್ಲ. ಪ್ರವೇಶಾತಿ ಏಜೆಂಟರು ಇವುಗಳಲ್ಲಿ ಒಂದನ್ನು ತೋರಿಸಿ ಮತ್ತೊಂದೂ ಇದೆಯೆಂದು ನಂಬಿಸುವುದುಂಟು. ‘ಯುಜಿಸಿ ಮಾನ್ಯತೆ ಇದೆ’ ಎಂಬ ಮಾತು ಅಕ್ಷರಶಃ ನಿಜವಾಗಿದ್ದು, ತಾವು ಸೇರಬಯಸುವ ಕೋರ್ಸಿಗೆ ಮಾತ್ರ ಅನ್ವಯಿಸದೇ ಇರಬಹುದು.

ಈ ಅನುಮತಿ ನೀಡುವ ಅಧಿಕಾರವು ಮೊದಲು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ (ಇಗ್ನೋ) ಆಶ್ರಯದಲ್ಲಿದ್ದ ದೂರ ಶಿಕ್ಷಣ ಮಂಡಳಿಯದಾಗಿತ್ತು. 2013ರಲ್ಲಿ ಆ ಮಂಡಳಿಯನ್ನು ವಿಸರ್ಜಿಸಿ ಹೊಣೆಯನ್ನು ಯುಜಿಸಿಗೆ ವಹಿಸಲಾಯಿತು. ಆಯೋಗದ ದೂರ ಶಿಕ್ಷಣ ಬ್ಯೂರೋ ಈಗ ಇದನ್ನು ನಿರ್ವಹಿಸುತ್ತಿದೆ.

ಮಾನ್ಯತೆಯ ಅವಧಿ ಎಷ್ಟು ಮುಖ್ಯವೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 1996ರಲ್ಲಿ ಮೈಸೂರಿನಲ್ಲಿ ಆರಂಭಗೊಂಡ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ರಾಜ್ಯ ಸರ್ಕಾರದ ಶಾಸನಬದ್ಧ ಸಂಸ್ಥೆ. ಆದಾಗ್ಯೂ 2012-13ನೆಯ ಸಾಲಿನ ನಂತರ ಅದರ ಕೋರ್ಸುಗಳಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿತು. ರಾಜ್ಯದ ಗಡಿಯಾಚೆ ಕೇಂದ್ರಗಳನ್ನು ನಡೆಸಿದ್ದು ಆಕ್ಷೇಪಣೆಗಳಲ್ಲಿ ಪ್ರಮುಖವಾಗಿತ್ತು. 2018ರಲ್ಲಿ ಮಾನ್ಯತೆ ಮರಳಿ ದೊರೆಯಿತು, ಆದರೆ 2018-19ರಿಂದ ಮುಂದಕ್ಕೆ. 2013-14 ಹಾಗೂ 2014-15ರಲ್ಲಿ ಶುಲ್ಕ ಕಟ್ಟಿ ಪ್ರಾಮಾಣಿಕವಾಗಿ ಓದಿದವರು ವರ್ಷಗಟ್ಟಲೆ ಅತಂತ್ರರಾದರು. ಅವರಲ್ಲಿ ಅನೇಕರು ಆಮಿಷಕ್ಕೆ ಬಲಿಯಾದವರಲ್ಲ, ಪರಿಚಿತ ಹೆಸರನ್ನು ನಂಬಿದವರು. ಅಂದಮೇಲೆ ಹೆಸರೊಂದನ್ನೇ ಆಧಾರವಾಗಿಟ್ಟುಕೊಂಡು ನಿರ್ಧರಿಸುವುದು ಸಾಲದು.

ಕೈಗಾರಿಕಾ ಘಟಕಗಳ ಮಾಲೀಕರು ವಿಶೇಷವಾಗಿ ಗಮನಿಸಬೇಕಾದ ಪ್ರಕರಣ ಮತ್ತೊಂದಿದೆ. ನಾಲ್ಕು ಪರಿಗಣಿತ ವಿಶ್ವವಿದ್ಯಾನಿಲಯಗಳು ದೂರ ಶಿಕ್ಷಣದ ಮೂಲಕ ನೀಡಿದ್ದ ಇಂಜಿನಿಯರಿಂಗ್ ಪದವಿಗಳ ಕುರಿತು ಸರ್ವೋಚ್ಚ ನ್ಯಾಯಾಲಯವು 2017ರ ನವೆಂಬರ್‌ನಲ್ಲಿ ತೀರ್ಪಿತ್ತಿತು. 2001ರಿಂದ 2005ರವರೆಗೆ ಪ್ರವೇಶ ಪಡೆದವರ ಪದವಿಗಳನ್ನು ಅಮಾನತಿನಲ್ಲಿಟ್ಟು ಎಐಸಿಟಿಇ ನಡೆಸುವ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕೆಂದಿತು; ಆ ನಂತರ ಸೇರಿದವರ ಪದವಿಗಳನ್ನು ರದ್ದುಗೊಳಿಸಿತು. ಇಂಜಿನಿಯರಿಂಗ್ ಮಾತ್ರವಲ್ಲದೆ ಫಾರ್ಮಸಿ, ನರ್ಸಿಂಗ್, ವಾಸ್ತುಶಿಲ್ಪ, ಕಾನೂನು ಪದವಿಗಳನ್ನೂ ದೂರ ಶಿಕ್ಷಣದಲ್ಲಿ ಪಡೆಯಲು ಅವಕಾಶವಿಲ್ಲ. ಡಿಪ್ಲೊಮಾ ಮುಗಿಸಿದ ಮೇಲ್ವಿಚಾರಕನು ಅಂಚೆಯ ಮೂಲಕ ಬಿ.ಇ. ಮಾಡುವೆನೆಂದು ಸಾಲ ಕೇಳಿದರೆ ಆ ಹಣ ವ್ಯರ್ಥವೆಂದೇ ತಿಳಿಯಬೇಕು. ಎಐಸಿಟಿಇ ಅನುಮತಿ ಪಡೆದ ಸಂಜೆ ತರಗತಿ ಸಮೀಪದಲ್ಲಿದ್ದರೆ ಅದನ್ನು ಸೂಚಿಸುವುದು ಲೇಸು.

ಇನ್ನು ವೆಚ್ಚದ ವಿಚಾರ. ಕರಪತ್ರದಲ್ಲಿ ಮುದ್ರಿತವಾದ ಶುಲ್ಕವು ಸರಕಿನ ಮೂಲ ಬೆಲೆಯಿದ್ದಂತೆ. ಸಾಗಣೆ, ಹಮಾಲಿ, ವಿಮೆ ಸೇರಿದ ಮೇಲಲ್ಲವೆ ಗೋದಾಮಿಗೆ ಬಂದ ದರ ತಿಳಿಯುವುದು? ಲೆಕ್ಕಕ್ಕಾಗಿ ಒಂದು ಸಂಸ್ಥೆಯ ಮೂರು ವರ್ಷಗಳ ಶುಲ್ಕ 30,000 ರೂ., ಇನ್ನೊಂದರದು 45,000 ರೂ. ಎಂದಿಟ್ಟುಕೊಳ್ಳೋಣ. ಮೊದಲನೆಯದರಲ್ಲಿ ಪರೀಕ್ಷಾ ಶುಲ್ಕ ಪ್ರತ್ಯೇಕ, ಪರೀಕ್ಷಾ ಕೇಂದ್ರವೂ ಬೇರೆ ಊರಿನಲ್ಲಿದೆ. ಆರು ಸೆಮಿಸ್ಟರುಗಳಿಗೆ ತಲಾ 1,500 ರೂ.ನಂತೆ ಪರೀಕ್ಷಾ ಶುಲ್ಕ 9,000 ರೂ.; ಪ್ರಯಾಣ ಮತ್ತು ವಸತಿಗೆ ತಲಾ 2,500 ರೂ.ನಂತೆ 15,000 ರೂ. ಒಟ್ಟು 54,000 ರೂ. ಆಯಿತು. ಎರಡನೆಯದರಲ್ಲಿ ಪರೀಕ್ಷಾ ಶುಲ್ಕವೂ ಸೇರಿದ್ದು, ಕೇಂದ್ರವು ಊರಿನಲ್ಲಿಯೇ ಇದ್ದರೆ ಅದೇ ಅಗ್ಗವಾಯಿತು. ದುಡಿಯುತ್ತ ಓದುವವರು ಕನಿಷ್ಠ ಅವಧಿಯಲ್ಲಿಯೇ ಮುಗಿಸುವರೆಂದು ಭಾವಿಸುವುದೂ ಸರಿಯಲ್ಲ. ಇಗ್ನೋದ ಬಿ.ಕಾಂ. ಪದವಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷಗಳ ಕಾಲಾವಕಾಶವಿದೆ. ಈ ಸೌಲಭ್ಯ ಉತ್ತಮವಾದುದೇ. ಆದರೆ ಉಳಿದ ವಿಷಯಗಳ ಮರುಪರೀಕ್ಷೆಯ ಖರ್ಚನ್ನು ಮೊದಲೇ ಅಂದಾಜಿಸಿಕೊಳ್ಳಬೇಕು.

ಪರೀಕ್ಷೆಯ ವೇಳಾಪಟ್ಟಿಯನ್ನು ಬಹುತೇಕ ಮಾಲೀಕರು ಕೇಳುವುದೇ ಇಲ್ಲ. ಇಗ್ನೋದ ಸತ್ರಾಂತ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್ ಸತ್ರಗಳಲ್ಲಿ ನಡೆಯುತ್ತವೆ. ತಮ್ಮ ಲೆಕ್ಕ ತಪಾಸಣೆ, ಜಿಎಸ್‌ಟಿ ವಾರ್ಷಿಕ ವಿವರಣೆಯ ಗಡುವು ಅಥವಾ ಹಂಗಾಮಿನ ವ್ಯಾಪಾರಕ್ಕೆ ಇದು ಅಡ್ಡಬರುವುದೇ ಎಂದು ನೋಡಿಕೊಂಡು, ರಜೆಯ ವಿಷಯವನ್ನು ನೌಕರನೊಡನೆ ಮುಂಚಿತವಾಗಿ ಲಿಖಿತವಾಗಿ ಒಪ್ಪಿಕೊಂಡರೆ ಮನಸ್ತಾಪಕ್ಕೆ ಆಸ್ಪದವಿರದು.

ದೂರ ಶಿಕ್ಷಣದ ಪದವಿಗೆ ಬೆಲೆ ಕಡಿಮೆಯೆಂಬ ಭಾವನೆ ನೇಮಕಾತಿ ಮಾಡುವವರಲ್ಲಿ ಇನ್ನೂ ಇದೆ. ಇದು ಸರಿಯಲ್ಲ. ಮಾನ್ಯತೆ ಪಡೆದ ಸಂಸ್ಥೆಯ ದೂರ ಶಿಕ್ಷಣ ಹಾಗೂ ಆನ್‌ಲೈನ್ ಪದವಿಗಳು ಸಾಂಪ್ರದಾಯಿಕ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಅದೇ ಆಯೋಗ 2024ರಲ್ಲಿ ‘10 ದಿನಗಳ ಎಂಬಿಎ’ ಎಂಬ ಬಗೆಯ ಕೋರ್ಸುಗಳ ವಿರುದ್ಧ ಸಾರ್ವಜನಿಕರನ್ನು ಎಚ್ಚರಿಸಿತು. ಹಿಂದಿನ ದಿನಾಂಕ ನಮೂದಿಸಿ ಒಂದೇ ವರ್ಷದಲ್ಲಿ ಪದವಿ ಕೊಡಿಸುವ ಭರವಸೆಗಳೂ ಇದೇ ಜಾತಿಯವು.

ಪರಿಶೀಲನೆಗೆ ಅರ್ಧ ಗಂಟೆ ಸಾಕು. ದೂರ ಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ಸಂಸ್ಥೆಯ ಹೆಸರು, ಕೋರ್ಸು ಹಾಗೂ ಪ್ರವೇಶದ ಸಾಲು ಇವು ಮೂರೂ ಒಂದೇ ಕಡೆ ಕಾಣಿಸಬೇಕು. ಬೇರೆ ರಾಜ್ಯದ ವಿಶ್ವವಿದ್ಯಾನಿಲಯದ ಅಧ್ಯಯನ ಕೇಂದ್ರವೆಂದು ನಮ್ಮ ಊರಿನ ಬಾಡಿಗೆ ಕೊಠಡಿಯೊಂದರಲ್ಲಿ ಫಲಕ ತೂಗಿದ್ದರೆ ಇನ್ನಷ್ಟು ವಿಚಾರಿಸಬೇಕು. ರಾಜ್ಯ ವಿಶ್ವವಿದ್ಯಾನಿಲಯಗಳ ದೂರ ಶಿಕ್ಷಣಕ್ಕೆ ಭೌಗೋಳಿಕ ವ್ಯಾಪ್ತಿಯ ಮಿತಿಯಿದೆ, ಕೇಂದ್ರಗಳನ್ನು ಫ್ರಾಂಚೈಸಿಗೆ ಕೊಡುವುದೂ ನಿಷಿದ್ಧ. ಶುಲ್ಕವನ್ನು ನೇರವಾಗಿ ವಿಶ್ವವಿದ್ಯಾನಿಲಯದ ಖಾತೆಗೆ ಪಾವತಿಸಿ, ಅಂದು ಜಾಲತಾಣದಲ್ಲಿ ಕಂಡ ಮಾನ್ಯತೆಯ ಪುಟದ ಮುದ್ರಿತ ಪ್ರತಿಯನ್ನು ರಸೀದಿಯೊಂದಿಗೆ ನೌಕರನ ಕಡತದಲ್ಲಿ ಇರಿಸತಕ್ಕದ್ದು.