ಆಲಮಟ್ಟಿಯ ಎತ್ತರ ಯಾರ ಕೈಯಲ್ಲಿದೆ?

ವಿಜಯಪುರದಿಂದ ತಿಕೋಟಾಕ್ಕೆ ಹೋಗಿ, ಬಬಲೇಶ್ವರದ ಮೇಲೆ ವಾಪಸ್ ಬರುವಾಗ ಚಹಾ ಅಂಗಡಿಯಲ್ಲಿ ಒಬ್ಬ ದ್ರಾಕ್ಷಿ ಬೆಳೆಗಾರರು ಸಿಕ್ಕರು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡವರು. 'ತೀರ್ಪು ಬಂದು ಹತ್ತು ವರ್ಷದ ಮ್ಯಾಲಾತ್ರಿ. ಡ್ಯಾಮ್ ಯಾಕ ಎತ್ತರ ಆಗವಲ್ದು? ಯಾರಿಗಿ ಕೇಳೂಣು, ಎಂಪಿಗೋ ಕೋರ್ಟಿಗೋ?' ಅಂದರು.

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಆ ಮೂರೂ ಸಿಕ್ಕಿಹಾಕಿಕೊಂಡಿರುವ ಜಾಗ ಇದೇ ಜಿಲ್ಲೆಯ ಆಲಮಟ್ಟಿ.

ಸದ್ಯ ಅಲ್ಲಿ ನೀರು ನಿಲ್ಲುವ ಮಟ್ಟ 519.6 ಮೀಟರ್. ಸುಪ್ರೀಂ ಕೋರ್ಟ್ 2000ದಲ್ಲಿ ಒಪ್ಪಿದ್ದು ಅಷ್ಟಕ್ಕೇ. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ 524.256 ಮೀಟರ್ ವರೆಗೆ ಹೋಗಬಹುದು ಎಂದಿತು. (ದಶಮಾಂಶ ನೋಡಿ ಗಾಬರಿಯಾಗಬೇಡಿ. ಅದು ಸರಿಯಾಗಿ 1720 ಅಡಿ. ಎಂಜಿನಿಯರಿಂಗ್ ಓದಿದ್ದು ಇಷ್ಟಕ್ಕಾದರೂ ಬಂತು.) 2013ರ ನವೆಂಬರ್‌ನಲ್ಲಿ ಮುಂದಿನ ವರದಿಯೂ ಬಂತು. ಹೆಚ್ಚುವ ನೀರನ್ನು ನಂಬಿಕೊಂಡಿರುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತದಲ್ಲಿ ನಮ್ಮ ಮುಳವಾಡ ಏತ ನೀರಾವರಿಯೂ ಇದೆ.

ಹಾಗಾದರೆ ತಡೆ ಎಲ್ಲಿ? ನದಿ ಜಗಳದಲ್ಲಿ ಕೋರ್ಟ್ ತಲೆಹಾಕದಂತೆ ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನದ 262ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಸಂಸತ್ತು 1956ರಲ್ಲಿ ಕಾನೂನು ಮಾಡಿ ಜಗಳವನ್ನು ನ್ಯಾಯಮಂಡಳಿಗೆ ಒಪ್ಪಿಸಿತು. ಆದರೆ ಮಂಡಳಿಯ ತೀರ್ಪಿಗೆ ಬಲ ಬರುವುದು ಕೇಂದ್ರ ಸರ್ಕಾರ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಿದ ಮೇಲೆ. ಪ್ರಕಟವಾದರೆ ಅದು ಸುಪ್ರೀಂ ಕೋರ್ಟಿನ ಡಿಕ್ರಿಗೆ ಸಮ; ಆಗದಿದ್ದರೆ ಬರೀ ಕಾಗದ.

ಆಂಧ್ರ ಕೋರ್ಟಿಗೆ ಹೋಯಿತು. 2011ರ ಸೆಪ್ಟೆಂಬರ್ 16ರಂದು ಸುಪ್ರೀಂ ಕೋರ್ಟ್, ಮುಂದಿನ ಆದೇಶದ ತನಕ ಗೆಜೆಟ್‌ನಲ್ಲಿ ಪ್ರಕಟಿಸಬೇಡಿ ಎಂದಿತು. ಕೋರ್ಟನ್ನು ಹೊರಗಿಟ್ಟ ಕಾನೂನಿನಲ್ಲಿ ಕೋರ್ಟ್ ಹೇಗೆ ಬಂತು? 136ನೇ ವಿಧಿಯಡಿ ಮೇಲ್ಮನವಿ ಕೇಳುವ ನಮ್ಮ ಅಧಿಕಾರವನ್ನು ಆ ಕಾನೂನು ಕಸಿಯಲಾರದು ಎಂದು 2016ರ ಕಾವೇರಿ ಪ್ರಕರಣದಲ್ಲಿ ಕೋರ್ಟೇ ಉತ್ತರಿಸಿದೆ. ಅದೇ ಕಾವೇರಿಯಲ್ಲಿ 2007ರ ತೀರ್ಪನ್ನು ಕೇಂದ್ರ ಗೆಜೆಟ್‌ಗೆ ಹಾಕಿದ್ದು 2013ರಲ್ಲಿ, ಅದೂ ಕೋರ್ಟ್ ಗಡುವು ಕೊಟ್ಟ ಮೇಲೆ! ಅಲ್ಲಿ ತಳ್ಳಿದ ಕೈಯೇ ಇಲ್ಲಿ ಹಿಡಿದು ನಿಲ್ಲಿಸಿದೆ.

ತಡೆ ತೆಗೆಯಿರಿ ಎಂದು ಕರ್ನಾಟಕ ಕೇಳುತ್ತಲೇ ಇದೆ. 2022ರ ಜನವರಿಯಲ್ಲಿ ಪೀಠದ ಇಬ್ಬರು ನ್ಯಾಯಮೂರ್ತಿಗಳು ತಾವು ಮಹಾರಾಷ್ಟ್ರ, ಕರ್ನಾಟಕದವರೆಂದು ಪ್ರಕರಣದಿಂದ ಹಿಂದೆ ಸರಿದರು. ಆ ಸಂಕೋಚ ಸರಿ. ಆದರೆ ಕೃಷ್ಣೆ ಹರಿಯುವ ರಾಜ್ಯಗಳ ನ್ಯಾಯಮೂರ್ತಿಗಳೆಲ್ಲ ಹೀಗೆ ಸರಿಯುತ್ತಾ ಹೋದರೆ ವಿಚಾರಣೆ ಇನ್ನಷ್ಟು ದೂರ. ಕೇಂದ್ರಕ್ಕೂ ಆರಾಮ: 'ಕೋರ್ಟಿನಲ್ಲಿದೆ' ಅಂದರೆ ಮಾತು ಮುಗೀತು.

ಹಾಗಂತ ಎಲ್ಲಾ ದಿಲ್ಲಿ ತಲೆಗೆ ಕಟ್ಟುವುದನ್ನು ನಾನು ಒಪ್ಪಲ್ಲ. ಎತ್ತರಿಸಿದರೆ ಇಪ್ಪತ್ತು ಹಳ್ಳಿ, ಬಾಗಲಕೋಟೆಯ ಒಂದಷ್ಟು ಭಾಗ ಮುಳುಗುತ್ತವೆ. ಆ ಭೂಮಿಗೆ ದುಡ್ಡು ಕೊಡುವುದು, ಜನರಿಗೆ ಬೇರೆ ಊರು ಕಟ್ಟುವುದು ಬೆಂಗಳೂರಿನ ಕೆಲಸ. ಅದನ್ನು ಯಾವ ಕೋರ್ಟೂ ತಡೆದಿಲ್ಲ.

ಬೆಳೆಗಾರರಿಗೆ ಇಷ್ಟನ್ನೂ ಹೇಳಿದೆ. 'ಹಂಗಾರ ಮೂರು ಕಡೆ ಅರ್ಜಿ ಹಾಕಬೇಕನ್ರಿ' ಅಂದರು. ನಾಲ್ಕು ಕಡೆ, ಬೆಂಗಳೂರೂ ಸೇರಿಸ್ರಿ ಅಂದೆ.