ನಾರುಹುಣ್ಣಿನ ಹುಳು ಅಡಗಿದ್ದು ಎಲ್ಲಿ?

ಪವಿತ್ರ ಶಿಲುಬೆಯ ವಿಜಯೋತ್ಸವದಂದು ನಾವು ಆಲಿಸುವ ಸಂಖ್ಯಾಕಾಂಡದ ವಾಚನದಲ್ಲಿ ಮರುಭೂಮಿಯ ಸರ್ಪಗಳು ಇಸ್ರಯೇಲರನ್ನು ಕಚ್ಚಿದ ಪ್ರಸಂಗವಿದೆ. ಆ ಸರ್ಪಗಳು ನಾರುಹುಣ್ಣಿನ ಹುಳುಗಳೇ ಇರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ನಮಗೆ ಆ ಊಹೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಈ ಹುಳು ಕಚ್ಚುವುದೇ ಇಲ್ಲ. ಆದರೆ ಯಾದಗಿರಿ, ಶಹಾಪುರ, ಸುರಪುರದ ಹಿರಿಯರಿಗೆ ಅದರ ಹೆಸರು ಹೊಸದಲ್ಲ. ಈ ಊರುಗಳು ಆಗ ಸೇರಿದ್ದ ಗುಲಬರ್ಗಾ ಜಿಲ್ಲೆಯೂ, ನೆರೆಯ ರಾಯಚೂರು, ಬಿಜಾಪುರಗಳೂ ನಾರುಹುಣ್ಣಿನ ಸೀಮೆಯಾಗಿದ್ದವು.

ಕಾಲಿನಲ್ಲಿ ಬೊಬ್ಬೆ ಏಳುತ್ತದೆ, ಬೆಂಕಿಯಂತೆ ಉರಿಯುತ್ತದೆ. ಒಡೆದ ಹುಣ್ಣಿನಿಂದ ಬಿಳಿ ದಾರದಂಥ ಹುಳು ಇಣುಕುತ್ತದೆ. ಉದ್ದ ಒಂದು ಮೀಟರಿನವರೆಗೆ! ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ವಾರಗಟ್ಟಲೆ ಎಳೆಯಬೇಕು. ಬಿತ್ತನೆಯ ಹೊತ್ತಿಗೆ ಮನೆಯ ದುಡಿಯುವವನು ಹೀಗೆ ಮಲಗಿದರೆ ಆ ವರ್ಷದ ಜೋಳದ ಗತಿಯೇನು?

ಇದು ಹುಳುವೋ ನರವೋ ಎಂದು ಹಿಂದಿನ ವೈದ್ಯರು ಬಹುಕಾಲ ವಾದಿಸಿದ್ದುಂಟು. 1758ರಲ್ಲಿ ಲಿನೇಯಸ್ ಇದನ್ನು ನೀರಿನಲ್ಲಿರುವ ಕುದುರೆಕೂದಲ ಹುಳುಗಳ ಗುಂಪಿಗೆ ಸೇರಿಸಿದನು. ಇಂದು ಇದರ ಸ್ಥಾನ ಜಂತುಹುಳುವಿನಂತೆ ದುಂಡುಹುಳುಗಳ ವಂಶದಲ್ಲಿ. ಹೆಸರು ಡ್ರಾಕುಂಕ್ಯುಲಸ್ ಮೆಡಿನೆನ್ಸಿಸ್, ಅಂದರೆ ಮದೀನಾದ ಪುಟ್ಟ ಘಟಸರ್ಪ.

ಮೈಯೊಳಗೆ ಇದು ಸೇರುವ ದಾರಿಯನ್ನು 1870ರ ಸುಮಾರಿಗೆ ರಷ್ಯಾದ ಅಲೆಕ್ಸೈ ಫೆಡ್ಚೆಂಕೊ ತುರ್ಕಿಸ್ತಾನದಲ್ಲಿ ಕಂಡುಹಿಡಿದರು. ಉರಿ ತಾಳಲಾರದೆ ರೋಗಿ ನೀರಿಗೆ ಕಾಲಿಟ್ಟೊಡನೆ ಹುಳು ಸಾವಿರಾರು ಮರಿಗಳನ್ನು ಬಿಡುತ್ತದೆ. ಅವನ್ನು ಸೈಕ್ಲಾಪ್ಸ್ ತಿನ್ನುತ್ತದೆ. ಒಂದೆರಡು ಮಿಲಿಮೀಟರಿನ ಈ ನೀರಜೀವಿ ಏಡಿ, ಸೀಗಡಿಗಳ ಬಳಗದ್ದು. ಅದರ ಹೊಟ್ಟೆಯಲ್ಲಿ ಮರಿ ಸುಮಾರು ಎರಡು ವಾರ ಬೆಳೆಯುತ್ತದೆ. ಆ ನೀರನ್ನು ಕುಡಿದವನಲ್ಲಿ ಒಂದು ವರ್ಷದ ಬಳಿಕ ಹುಣ್ಣು ಏಳುತ್ತದೆ. ಮೆಟ್ಟಿಲಿಳಿದು ಕೊಡ ಮುಳುಗಿಸುವ ಬಾವಿ ಇದಕ್ಕೆ ಹೇಳಿ ಮಾಡಿಸಿದ ಜಾಗ.

(ಏಡಿಯ ಬಳಗದ ಮೈ ಇತರ ಜೀವಿಗಳಿಗೆ ಮನೆಯಾಗುವುದು ಕಡಲಲ್ಲೂ ಉಂಟು. ನಾರ್ವೆ ಲಾಬ್‌ಸ್ಟರಿನ ಬಾಯಿಯ ಬಿರುಗೂದಲುಗಳ ಮೇಲೆ ಮಿಲಿಮೀಟರಿಗಿಂತಲೂ ಚಿಕ್ಕದಾದ ಸಿಂಬಿಯಾನ್ ಎಂಬ ಜೀವಿ ಸಿಕ್ಕಿತು. ಇದ್ದ ಯಾವ ವಂಶಕ್ಕೂ ಅದು ಹೊಂದದೆ, ಡೆನ್ಮಾರ್ಕಿನ ಫುಂಕ್ ಮತ್ತು ಕ್ರಿಸ್ಟೆನ್‌ಸೆನ್ 1995ರಲ್ಲಿ ಹೊಸ ವಂಶವನ್ನೇ ಸ್ಥಾಪಿಸಬೇಕಾಯಿತು.)

ಬರಿಯ ಮರಿಯನ್ನು ನುಂಗಿದರೆ ರೋಗವಿಲ್ಲ. ಸೈಕ್ಲಾಪ್ಸಿನೊಳಗೆ ಬೆಳೆದ ಮರಿಯೇ ಬೇಕು. ಆದ್ದರಿಂದ ಸೈಕ್ಲಾಪ್ಸನ್ನು ತಡೆದರೆ ಸಾಕು, ಅದಕ್ಕೆ ಒತ್ತಾದ ನೇಯ್ಗೆಯ ಬಟ್ಟೆಯೇ ಸಾಕು! ಈ ರೋಗಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇಲ್ಲ. 1983-84ರಲ್ಲಿ ಭಾರತ ನಿರ್ಮೂಲನ ಕಾರ್ಯಕ್ರಮ ಆರಂಭಿಸಿದಾಗ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ನೀರು ಸೋಸುವುದನ್ನು ಮನೆಮನೆಗೂ ಕಲಿಸಿದರು, ಬಾವಿಗಳಿಗೆ ಟೆಮಿಫಾಸ್ ಹಾಕಿದರು, ಮೆಟ್ಟಿಲು ಬಾವಿಗಳ ಬದಲು ಕೊಳವೆಬಾವಿ ಕೊರೆದರು. ದೇಶದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತ ಎಂದು ದೃಢೀಕರಿಸಿತು.

ಆಫ್ರಿಕಾದಲ್ಲಿ ಕೆಲಸ ಇನ್ನೂ ಮುಗಿದಿಲ್ಲ. 2024ರಲ್ಲಿ ಲೋಕದಲ್ಲೆಲ್ಲ ದಾಖಲಾದ ರೋಗಿಗಳು ಹದಿನೈದೇ ಮಂದಿ. ಆದರೆ ಚಾಡ್ ದೇಶದಲ್ಲಿ ಹುಳು ನಾಯಿಗಳಲ್ಲಿ ಸೇರಿಕೊಂಡಿದೆ. ಅಲ್ಲೀಗ ಊರವರು ನಾಯಿಗಳನ್ನು ಕಟ್ಟಿಹಾಕಿ ಕೆರೆಯ ನೀರು ಕಾಯುತ್ತಿದ್ದಾರೆ.