ಮೈಲಿಗೆಯಿಂದ ಮಾರ್ಕ್ಸಿನವರೆಗೆ

ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ದಲಿಂಗಯ್ಯ ‘ಊರುಕೇರಿ’ಯಲ್ಲಿ ಎತ್ತಿನ ಜಾಗದಲ್ಲಿ ನೊಗ ಹೊತ್ತ ಅಪ್ಪನನ್ನು ತೋರಿಸುತ್ತಾರೆ. ಆ ಕಾಲದ ಊರಿಗೆ ದಲಿತನೆಂದರೆ ದುಡಿಯುವ ಮೈ, ಮುಟ್ಟಬಾರದ ಮೈ. 1975ರಲ್ಲಿ ಅದೇ ಕವಿ, ಬೈಗುಳವಾಗಿದ್ದ ಜಾತಿಯ ಹೆಸರನ್ನೇ ‘ಹೊಲೆಮಾದಿಗರ ಹಾಡು’ ಎಂದು ಪುಸ್ತಕದ ನೆತ್ತಿಗೆ ಹಚ್ಚಿದರು. ಬೈಗುಳದ ಅರ್ಧ ಜೀವ ಅಲ್ಲೇ ಹೋಯಿತು. 1989ರ ದೌರ್ಜನ್ಯ ತಡೆ ಕಾಯ್ದೆ ಬಂದಮೇಲೆ ಬೀದಿಯಲ್ಲಿ ನಿಂತು ಬಯ್ಯುವುದು ದುಬಾರಿಯೂ ಆಯಿತು.

ಹಾಗಾದರೆ ಗುಮಾನಿ ಎಲ್ಲಿಗೆ ಹೋಯಿತು? ಕನಕಪುರದ ಬಸ್ಸಿನಲ್ಲಿ ಪಕ್ಕ ಕೂತವರ ಜಾತಿ ಯಾರು ಕೇಳುತ್ತಾರೆ? ಕೇಳೋದು ಬಾಡಿಗೆ ಮನೆಗೆ ಹೋದಾಗ: ‘ನೀವು ಯಾವ ಜನ?’ (ಬಾಡೂಟದ ಸೀಮೆ ನೋಡಿ, ‘ವೆಜ್ಜಾ?’ ಅಂತ ಕೇಳಿ ಜಾರಿಕೊಳ್ಳೋಕೂ ಆಗಲ್ಲ.) ಅಜ್ಜ ‘ಮುಟ್ಟಬೇಡ’ ಅಂದ. ಮಗ ‘ಸರ್ಕಾರದ ಅಳಿಯಂದಿರು’ ಅಂದ. ಮೊಮ್ಮಗ ‘ನಾನು ಜಾತಿ ನಂಬಲ್ಲ’ ಅಂತಲೇ ಶುರುಮಾಡಿ, ‘ನಿನಗೆ ಎಷ್ಟು ಮಾರ್ಕ್ಸಿಗೆ ಸೀಟು ಸಿಕ್ತು?’ ಎನ್ನುತ್ತಾನೆ. ಮೈಯ ಮೇಲಿದ್ದ ಮೈಲಿಗೆ ಬುದ್ಧಿಯ ಮೇಲೆ ಬಂದು ಕೂತಿದೆ.

ಅಮೆರಿಕದಲ್ಲಿ ಕಪ್ಪು-ಬಿಳಿಯರ ಮದುವೆ ಒಪ್ಪಿದವರು 1958ರ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 4, 2021ರಲ್ಲಿ 94. ನಡುವೆ 2020ರಲ್ಲಿ ಜಾರ್ಜ್ ಫ್ಲಾಯ್ಡ್ ಕತ್ತಿನ ಮೇಲೆ ಪೊಲೀಸನ ಮಂಡಿ.

ಅಜ್ಜ, ಮಗನ ಮಾತನ್ನು ನಮ್ಮ ವಿಮರ್ಶೆ ಸಲೀಸಾಗಿ ಗುರುತಿಸುತ್ತದೆ. ಮೊಮ್ಮಗ ಮಾತಾಡೋದು ಸಮಾನತೆಯ ಭಾಷೆಯಲ್ಲಿ. ಅವನನ್ನು ಓದುವ ಕೆಲಸ ಬಾಕಿಯಿದೆ.